ಗಣಕದ ಪರದೆ ಮತ್ತು ಕಣ್ಣಿನ ಆಯಾಸ: ಕೊಳ್ಳುವ ಮುನ್ನ ಒಂದಿಷ್ಟು ವಿಚಾರ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ನಮ್ಮ ಅಂಗಡಿ, ಗಿರಣಿಗಳ ಲೆಕ್ಕವು ಖಾತೆಪುಸ್ತಕವನ್ನು ಬಿಟ್ಟು ಬಹುಮಟ್ಟಿಗೆ ಗಣಕದ ಪರದೆಯನ್ನೇರಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ಲು ಅದರೊಡನೆ ಸೇರಿಕೊಂಡಿತು. ಹತ್ತಿಯ ಹಂಗಾಮಿನಲ್ಲಿ ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಾಗಲಿ, ಮಾನ್ವಿ, ದೇವದುರ್ಗಗಳಲ್ಲಾಗಲಿ ಗುಮಾಸ್ತನೊಬ್ಬನು ದಿನಕ್ಕೆ ಎಂಟು ಹತ್ತು ತಾಸು ಪರದೆಯನ್ನೇ ದಿಟ್ಟಿಸುತ್ತಿರುವುದು ಹೊಸ ಸಂಗತಿಯಲ್ಲ. ಸಂಜೆಯಾಗುತ್ತಲೇ ಕಣ್ಣುರಿ, ತಲೆನೋವು, ಕತ್ತುನೋವು. ಇದಕ್ಕೆ ಯಾವ ಪರದೆ, ಯಾವ ಟ್ಯಾಬ್ಲೆಟ್ ಕೊಳ್ಳಬೇಕೆಂಬುದು ಸದಸ್ಯ ಮಿತ್ರರು ಆಗಾಗ ಕೇಳುವ ಪ್ರಶ್ನೆ.

ಈ ವಿಷಯಕ್ಕೆ ನಾನು ಗಮನ ಕೊಟ್ಟದ್ದು ಪೆಟ್ಟು ತಿಂದ ಮೇಲೆಯೇ. ನಮ್ಮ ಜಿನ್ನಿಂಗ್ ಮಿಲ್ಲಿನ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಹಿರಿಯರು ಗೂಗಲ್‌ನವರು. ಗೂಗಲ್ ಎಂದರೆ ಹೊರಗಿನವರು ಅಂತರ್ಜಾಲದ ಶೋಧಯಂತ್ರವನ್ನು ನೆನೆಯುತ್ತಾರೆ. ನಾನು ಹೇಳುತ್ತಿರುವುದು ದೇವದುರ್ಗ ತಾಲ್ಲೂಕಿನ ಕೃಷ್ಣಾತೀರದ ಊರನ್ನು. ಐವತ್ತು ದಾಟಿದ ಅವರ ಲೆಕ್ಕದಲ್ಲಿ ತಪ್ಪು ಹುಡುಕಿದವರಿಲ್ಲ. ಅಂಥವರು ಒಂದು ಸಂಜೆ ಅರಳೆ ಬೇಲುಗಳ ಲಾರಿಗೆ ಇ-ವೇ ಬಿಲ್ಲು ತೆಗೆಯುವಾಗ ವಾಹನ ಸಂಖ್ಯೆಯಲ್ಲಿ 3ರ ಬದಲು 8 ಎಂದು ಒತ್ತಿದರು. ಲಾರಿ ದಾರಿಯಲ್ಲಿ ನಿಂತಿತು. ವಾಹನ ಸಂಖ್ಯೆಯ ಒಂದೆರಡು ಅಂಕಿಗಳ ತಪ್ಪಿಗೆ ಕೇಂದ್ರ ಮತ್ತು ರಾಜ್ಯ ಕಾಯಿದೆಗಳಡಿ ತಲಾ 500 ರೂಪಾಯಿ ದಂಡ ಸಾಕೆಂದು 2018ರ ಸೆಪ್ಟೆಂಬರ್ 14ರ ಕೇಂದ್ರ ಸುತ್ತೋಲೆ ಹೇಳುತ್ತದೆ. ದಂಡವೇನೋ ಸಾವಿರದಲ್ಲಿ ಮುಗಿಯಿತು. ಲಾರಿ ನಿಂತ ಒಂದು ರಾತ್ರಿಯ ಬಾಡಿಗೆ, ಕೊಳ್ಳುವವರ ಬೇಸರ ಮುಗಿಯಲಿಲ್ಲ. ಹಿರಿಯರು ತಪ್ಪನ್ನು ಒಪ್ಪಿಕೊಂಡು, “ಸಂಜಿ ಆದ ಮ್ಯಾಲ 3, 8 ಎರಡೂ ಒಂದ ಕಾಣ್ತಾವ್ರಿ” ಎಂದರು.

ಮರುದಿನವೇ ಹೊಸ ಪರದೆಗೆ ವಿಚಾರಿಸಿದೆ. ಮಾರಾಟಗಾರನು ಪರದೆಯೊಡನೆ ನೀಲಿ ಬೆಳಕನ್ನು ತಡೆಯುವ ಕನ್ನಡಕವನ್ನೂ, ಪರದೆಗೆ ಅಂಟಿಸುವ ಹಾಳೆಯನ್ನೂ ಎಲ್ಲ ಗುಮಾಸ್ತರಿಗೂ ಕೊಡಿಸಿರೆಂದನು. ಹಣ ಕೊಡುವ ಮುನ್ನ ಹಿರಿಯರ ಕುರ್ಚಿಯಲ್ಲಿ ನಾನೇ ಒಂದು ಸಂಜೆ ಕುಳಿತು ನೋಡಿದೆ. ಬೆನ್ನ ಹಿಂದೆ ಪಶ್ಚಿಮದ ಕಿಟಕಿ. ಇಳಿಬಿಸಿಲು ನೇರವಾಗಿ ಪರದೆಯ ಮೇಲೆ. ಪರದೆಯನ್ನು ಹಳೆಯ ಖಾತೆಪುಸ್ತಕಗಳ ಗಂಟಿನ ಮೇಲೇರಿಸಲಾಗಿತ್ತು, ಕತ್ತೆತ್ತದೆ ಓದಲಾಗದು. ಏರ್ ಕೂಲರಿನ ಗಾಳಿ ನೆಟ್ಟಗೆ ಮುಖಕ್ಕೆ. ಅರ್ಧ ತಾಸಿನಲ್ಲಿ ನನ್ನ ಕಣ್ಣಲ್ಲೂ ನೀರು ಬಂದಿತು.

ಆಯಾಸದ ಮೂಲ

ಸುಮ್ಮನೆ ಕುಳಿತವನು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತಾನೆ. ಪರದೆಯನ್ನು ದಿಟ್ಟಿಸುವಾಗ ಅದು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಯುತ್ತದೆ. ರೆಪ್ಪೆ ಬಡಿಯದಿದ್ದರೆ ಕಣ್ಣಿನ ಮೇಲಿನ ನೀರಿನ ತೆಳುಪದರ ಒಣಗುತ್ತದೆ. ನಮ್ಮ ಬೇಸಗೆಯ ಒಣಹವೆಯೂ ಫ್ಯಾನಿನ ಗಾಳಿಯೂ ಅದಕ್ಕೆ ನೆರವಾಗುತ್ತವೆ. ಉರಿಯ ಬಹುಪಾಲು ಇಲ್ಲಿಯದು. ಎರಡನೆಯದು, ಹತ್ತಿರದ ನೋಟಕ್ಕಾಗಿ ಕಣ್ಣಿನೊಳಗಿನ ಸ್ನಾಯು ತಾಸುಗಟ್ಟಲೆ ಬಿಗಿದುಕೊಂಡಿರುವುದು. ನೀಲಿ ಬೆಳಕಿನ ಮೇಲೆ ಹೊರಿಸಿದ ಅಪವಾದಕ್ಕೆ ಆಧಾರ ಕಡಿಮೆ. 17 ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ನೀಲಿ ಬೆಳಕು ತಡೆಯುವ ಕನ್ನಡಕದಿಂದ ಪರದೆಯ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗುವಂತೆ ಕಾಣುವುದಿಲ್ಲವೆಂದು ಹೇಳಿದೆ. ಮಾರಾಟಗಾರನ ಹಾಳೆ, ಕನ್ನಡಕಗಳನ್ನು ನಾನು ಕೊಳ್ಳಲಿಲ್ಲ.

ಮೂರನೆಯ ಕಾರಣವನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಲವತ್ತರ ಸುಮಾರಿಗೆ ಚಾಳೀಸು ಬರುತ್ತದೆ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಸುಮಾರು 40 ಸೆಂ.ಮೀ. ದೂರದ ಪುಸ್ತಕಕ್ಕೆಂದು ಕೊಡುತ್ತಾರೆ. ಗಣಕದ ಪರದೆ ಇರುವುದು 60-70 ಸೆಂ.ಮೀ. ದೂರದಲ್ಲಿ. ಎರಡು ಭಾಗದ ಕನ್ನಡಕದವರು ಕೆಳಭಾಗದಿಂದ ಪರದೆಯನ್ನು ಓದಲು ಗದ್ದವೆತ್ತುತ್ತಾರೆ, ಇಲ್ಲವೇ ಮುಂದಕ್ಕೆ ಬಾಗುತ್ತಾರೆ. ಕತ್ತುನೋವು ಬರುವುದು ಹೀಗೆ. ಆದ್ದರಿಂದ ಕಣ್ಣಿನ ವೈದ್ಯರಲ್ಲಿಗೆ ಹೋಗುವಾಗ ಕಣ್ಣಿಗೂ ಪರದೆಗೂ ಇರುವ ಅಂತರವನ್ನು ಟೇಪಿನಿಂದ ಅಳೆದು, ಬರೆದುಕೊಂಡು ಹೋಗಬೇಕು. ನಮ್ಮ ಹಿರಿಯರಿಗೆ ಪರದೆಗೆಂದೇ ಬೇರೆ ಕನ್ನಡಕ ಬಂದಿತು. ಯಾವ ಪರದೆಯೂ ಮಾಡಲಾರದಷ್ಟು ಉಪಕಾರವನ್ನು ಅದು ಮಾಡಿತು.

ಪರದೆಯನ್ನು ಪರೀಕ್ಷಿಸುವ ಬಗೆ

ಪರದೆಯ ಮೈ ಕನ್ನಡಿಯಂತೆ ಹೊಳೆಯದೆ ಮಬ್ಬಾಗಿರಬೇಕು. ಅಂಗಡಿಯಲ್ಲಿ ಹೊಳೆಯುವುದೇ ಚೆಂದ ಕಾಣುತ್ತದೆ. ನಮ್ಮ ಕಚೇರಿಯಲ್ಲಿ ಅದರೊಳಗೆ ಕಿಟಕಿ, ದೀಪ, ನಮ್ಮ ಮುಖ ಎಲ್ಲವೂ ಮೂಡುತ್ತವೆ.

ಎರಡನೆಯದಾಗಿ ಮಿನುಗು. ಕೆಲವು ಪರದೆಗಳು ಹೊಳಪನ್ನು ಇಳಿಸಲು ದೀಪವನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಅದು ಕಾಣಿಸದು. ಆದರೆ ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. ಓಎಲ್‌ಇಡಿ ಪರದೆಗಳಲ್ಲಿ ಇದು ಹೆಚ್ಚು. ಪರೀಕ್ಷೆ ಸುಲಭ: ಪರದೆಯಲ್ಲಿ ಬಿಳಿಯ ಪುಟವನ್ನು ತೆರೆದು, ಹೊಳಪನ್ನು ಕಾಲುಭಾಗಕ್ಕಿಳಿಸಿ, ಕೋಣೆಯ ದೀಪವನ್ನಾರಿಸಿ, ಪರದೆಯ ಮುಂದೆ ಪೆನ್ಸಿಲ್ಲೊಂದನ್ನು ಬೀಸಣಿಗೆಯಂತೆ ವೇಗವಾಗಿ ಆಡಿಸಬೇಕು. ಒಂದೇ ಮಸುಕಾದ ಪಟ್ಟಿಯಂತೆ ಕಂಡರೆ ಸರಿ. ಬಿಡಿಬಿಡಿಯಾಗಿ ಹಲವು ಪೆನ್ಸಿಲ್ಲುಗಳು ಕಂಡರೆ ಮಿನುಗು ಇದೆ. ಕೋಣೆಯ ದೀಪವನ್ನೂ ಇದೇ ರೀತಿ ನೋಡಬಹುದು; ಹಳೆಯ ಚೋಕಿನ ಟ್ಯೂಬುಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ.

ಮೂರನೆಯದು ಅಕ್ಷರದ ಸ್ಪಷ್ಟತೆ. ಕನ್ನಡದಲ್ಲಿ ಲೆಕ್ಕ ಬರೆಯುವವರಿಗೆ ಇದು ಬಹು ಮುಖ್ಯ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ನಿಲ್ಲುತ್ತವೆ. ಚುಕ್ಕೆಗಳು ವಿರಳವಾದ ಪರದೆಯಲ್ಲಿ ‘ಪ’ಕ್ಕೂ ‘ಷ’ಕ್ಕೂ ಭೇದ ಉಳಿಯುವುದಿಲ್ಲ. ದೊಡ್ಡ ಪರದೆಯೆಂದರೆ ಸ್ಪಷ್ಟ ಪರದೆಯೆಂದಲ್ಲ. 1920×1080 ಚುಕ್ಕೆಗಳ 24 ಅಂಗುಲದ ಪರದೆಯಲ್ಲಿ ಅಂಗುಲಕ್ಕೆ ಸುಮಾರು 92 ಚುಕ್ಕೆಗಳಿದ್ದರೆ, ಅಷ್ಟೇ ಚುಕ್ಕೆಗಳ 27 ಅಂಗುಲದ್ದರಲ್ಲಿ 82 ಮಾತ್ರ. 27 ಬೇಕೆನ್ನುವವರು 2560×1440 ಚುಕ್ಕೆಗಳಿರುವುದನ್ನೇ ಕೇಳಬೇಕು. ಆಗ 109 ದೊರೆಯುತ್ತದೆ. ಅಂಗಡಿಗೆ ಹೋಗುವಾಗ ತಮ್ಮದೇ ಒಂದು ಲೆಕ್ಕದ ಹಾಳೆಯನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಲ್ಲಿಯೇ ತೆರೆದು ನೋಡುವುದು ಮೇಲು. ಅಂಗಡಿಯವರು ತೋರಿಸುವ ಹೂವು, ಚಿಟ್ಟೆಗಳಲ್ಲಿ ಒತ್ತಕ್ಷರಗಳಿರುವುದಿಲ್ಲ.

ಟ್ಯಾಬ್ಲೆಟ್ಟಿನ ಮಾತು ಬೇರೆ. 10 ಅಂಗುಲದ ಅಗ್ಗದ ಟ್ಯಾಬ್ಲೆಟ್ಟಿನಲ್ಲಿಯೂ ಚುಕ್ಕೆಗಳು ಒತ್ತಾಗಿರುತ್ತವೆ. ತೊಡಕಿರುವುದು ಅದನ್ನು ಕಣ್ಣಿಗೆ ತೀರ ಹತ್ತಿರ ಹಿಡಿಯುವುದರಲ್ಲಿ. ಸ್ಟ್ಯಾಂಡಿನ ಮೇಲಿಟ್ಟು ಅಕ್ಷರವನ್ನು ಹಿಗ್ಗಿಸಿಕೊಳ್ಳಬೇಕು. ಪ್ರಾಂಗಣದ ಬಿಸಿಲಿನಲ್ಲಿ ಇದು ಮಂಕಾಗುತ್ತದೆ. ಅಲ್ಲಿ ಗೆಲ್ಲುವುದು ಇ-ಇಂಕ್ ಪರದೆ. 2007ರಲ್ಲಿ ಬಂದ ಕಿಂಡಲ್‌ನಿಂದ ಜನಪ್ರಿಯವಾದ ಈ ಪರದೆಯು ಕಾಗದದಂತೆ ಹೊರಗಿನ ಬೆಳಕಿನಿಂದಲೇ ಕಾಣುತ್ತದೆ. ಬಿಸಿಲು ಹೆಚ್ಚಿದಷ್ಟೂ ಅಕ್ಷರ ನಿಚ್ಚಳ. ಆದರೆ ಪುಟ ಬದಲಾಗುವುದು ನಿಧಾನ, ಹಿಂದಿನ ಪುಟದ ನೆರಳು ಉಳಿಯುವುದೂ ಉಂಟು; ಲೆಕ್ಕ ತುಂಬುವ ಕೆಲಸಕ್ಕೆ ಅದು ಒದಗದು. ಸುತ್ತೋಲೆ, ಕರಾರುಪತ್ರಗಳನ್ನು ಓದುವ ಮಾಲೀಕರಿಗೆ ಯೋಗ್ಯ. ಅದೂ 10 ಅಂಗುಲದ್ದು. 6 ಅಂಗುಲದ್ದರಲ್ಲಿ ಎ4 ಹಾಳೆ ಕುಗ್ಗಿ, ಮತ್ತೆ ಕಣ್ಣು ಕಿರಿದು ಮಾಡುವ ಪ್ರಸಂಗ ಬರುತ್ತದೆ. ಇದರಿಂದ ಆಯಾಸವೇ ಇಲ್ಲವೆಂಬ ಜಾಹೀರಾತನ್ನೂ ನಂಬಬೇಕಾಗಿಲ್ಲ. ಕಾಗದದ ಪುಸ್ತಕವನ್ನು ಬಿಡದೆ ಓದಿದರೂ ಕಣ್ಣು ದಣಿಯುತ್ತದಲ್ಲವೇ.

ನಮ್ಮಲ್ಲಿ ಆದ ವೆಚ್ಚದ ಕ್ರಮ ಹೀಗಿದೆ. ಮೊದಲು ಕಿಟಕಿಗೆ ದಪ್ಪ ಪರದೆಬಟ್ಟೆ. ಮೇಜನ್ನು ತಿರುಗಿಸಿ ಕಿಟಕಿ ಪಕ್ಕಕ್ಕೆ ಬರುವಂತೆ ಮಾಡಿದೆವು. ಖಾತೆಪುಸ್ತಕಗಳ ಗಂಟನ್ನು ತೆಗೆದು ಪರದೆಯ ಮೇಲಂಚು ಕಣ್ಣಿಗಿಂತ ತುಸು ಕೆಳಗೆ ಬರುವಂತಿಟ್ಟೆವು. ಕೂಲರಿನ ಮುಖ ಬೇರೆಡೆಗಾಯಿತು. ಅನಂತರ ಹಿರಿಯರ ಕನ್ನಡಕ. ಕಡೆಯಲ್ಲಿ ಮಬ್ಬು ಮೈಯ 24 ಅಂಗುಲದ ಪರದೆ ಒಂದೇ ಒಂದು. 20 ನಿಮಿಷಕ್ಕೊಮ್ಮೆ 20 ಸೆಕೆಂಡು 20 ಅಡಿಯಾಚೆ ನೋಡಬೇಕೆಂಬ ವೈದ್ಯರ ಸೂತ್ರವನ್ನು ಗೋಡೆಗೆ ಅಂಟಿಸಿದ್ದೇವೆ. ಅಂಗಳದ ಲಾರಿಗಳನ್ನು ಎಣಿಸುವ ನೆಪದಲ್ಲಿ ಅದು ನಡೆಯುತ್ತದೆ.

ಇಷ್ಟೆಲ್ಲ ಮಾಡಿಯೂ ನೋಟ ಮಸುಕಾಗಿದ್ದರೆ ಅದನ್ನು ಪರದೆಯ ಆಯಾಸವೆಂದು ತಳ್ಳಿಹಾಕಬಾರದು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆಯಾದರೂ ಕಣ್ಣಿನ ಅಕ್ಷಿಪಟಲವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಮ್ಮೆಲೇ ದೃಷ್ಟಿ ಕುಂದಿದರೆ, ಅಥವಾ ಕಣ್ಣೆದುರು ಮಿಂಚು, ಕಪ್ಪು ಚುಕ್ಕೆಗಳು ಹಠಾತ್ತಾಗಿ ತೇಲಿದರೆ ಹಂಗಾಮು ಮುಗಿಯಲೆಂದು ಕಾಯದೆ ಆ ದಿನವೇ ವೈದ್ಯರನ್ನು ಕಾಣತಕ್ಕದ್ದು.