ಸುಗಂಧದ ಮರ ಮತ್ತು ನಮ್ಮ ಹೊಣೆ



ಜುಮುಅದ ದಿನ ಸ್ನಾನ ಮಾಡಿ, ಶುಭ್ರವಾದ ಬಟ್ಟೆ ತೊಟ್ಟು, ತುಸು ಅತ್ತರು ಹಚ್ಚಿಕೊಂಡು ನೀವು ಮಸೀದಿಗೆ ಹೋಗುತ್ತೀರಿ. ಆ ಸುಗಂಧ ಎಲ್ಲಿಂದ ಬಂತೆಂದು ಎಂದಾದರೂ ಆಲೋಚಿಸಿದ್ದೀರಾ? ಹಳೆಯ ಪದ್ಧತಿಯಲ್ಲಿ ಗುಲಾಬಿ, ಮಲ್ಲಿಗೆ, ಕೇದಗೆ ಮುಂತಾದ ಹೂವುಗಳ ಅತ್ತರಿಗೆ ಶ್ರೀಗಂಧದ ಎಣ್ಣೆಯೇ ಆಧಾರ. ಹೂವಿನ ಪರಿಮಳವನ್ನು ಹಿಡಿದಿಡುವುದು ಅದೇ. ನಮ್ಮ ಮನೆಗಳಲ್ಲಿ 'ಸಂದಲ್' ಎನ್ನುವ ಈ ಮರ ದೂರದೇಶದ್ದಲ್ಲ. ತುಮಕೂರಿನ ಪಕ್ಕದ ದೇವರಾಯನದುರ್ಗದ ಬೆಟ್ಟಗಳು, ಕುಣಿಗಲ್ ತಾಲೂಕಿನ ಹುಲಿಯೂರುದುರ್ಗದ ಕಲ್ಲುಗುಡ್ಡಗಳು, ಗುಬ್ಬಿ ಕಡೆಯ ಕುರುಚಲು ಕಾಡು, ಇಂತಹ ಒಣನೆಲವೇ ಅದಕ್ಕೆ ಹಿತ. ಆದರೆ ಬಲಿತ ಮರ ಕಾಡಿನಲ್ಲಿ ಇಂದು ಅಪರೂಪ. ಅಳಿವಿನ ಅಪಾಯಕ್ಕೆ ಈಡಾಗಿರುವ ಜೀವಜಾತಿಗಳ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಶ್ರೀಗಂಧದ ಹೆಸರೂ ಇದೆ.

ಇದಕ್ಕೆ ಕಾರಣವೇನು? ಕಳ್ಳರು ಎಂದು ಒಂದೇ ಮಾತಿನಲ್ಲಿ ಮುಗಿಸುವವರುಂಟು. ವಿಷಯ ಅಷ್ಟು ಸರಳವಲ್ಲ. 1792ರಲ್ಲಿ ಟಿಪ್ಪು ಸುಲ್ತಾನರು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದರು. ಮೈಸೂರು ಅರಸರ ಕಾಲದಲ್ಲೂ ಸ್ವಾತಂತ್ರ್ಯಾನಂತರವೂ ಅದೇ ನಿಯಮ ಮುಂದುವರಿಯಿತು. ರೈತನ ಸ್ವಂತ ಹೊಲದಲ್ಲಿ ಹುಟ್ಟಿದ ಮರವೂ ಸರಕಾರದ್ದೇ. ಕಳುವಾದರೆ ವಿಚಾರಣೆ ಮಾತ್ರ ರೈತನಿಗೆ! ಆದ್ದರಿಂದ ಹಕ್ಕಿಗಳು ಹಣ್ಣು ತಿಂದು ಬೀಜ ಬೀಳಿಸಿದಲ್ಲಿ, ಬೇಲಿಸಾಲಿನಲ್ಲಿ ತಾನಾಗಿ ಮೊಳೆತ ಸಸಿಯನ್ನು ಎಷ್ಟೋ ಮಂದಿ ಹೆದರಿ ಕಿತ್ತೆಸೆದರು. ರಕ್ಷಣೆಗೆಂದು ಮಾಡಿದ ಕಾನೂನು ಜನರ ಮಮತೆಯನ್ನೇ ಕಳೆಯಿತು ಎನ್ನದೆ ವಿಧಿಯಿಲ್ಲ. 2001ರಲ್ಲಿ ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ಮರದ ಒಡೆಯನಾದನು. ಅಷ್ಟರಲ್ಲಿ ಕಾಡು ಬರಿದಾಗತೊಡಗಿತ್ತು.

ಇನ್ನು ಕಳವಿನ ಮಾತು. ಸುಗಂಧವಿರುವುದು ಚೇಗಿನಲ್ಲಿ, ಬೇರಿನಲ್ಲಿ ಎಣ್ಣೆ ಇನ್ನೂ ಹೆಚ್ಚು. ಆದ್ದರಿಂದ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಅಗೆಯುತ್ತಾರೆ. ಮತ್ತೆ ಚಿಗುರಲು ಏನೂ ಉಳಿಯುವುದಿಲ್ಲ. ಚೇಗು ಕೂಡತೊಡಗಲು ಸುಮಾರು ಹತ್ತು ವರ್ಷ ಬೇಕು. ಚೆನ್ನಾಗಿ ಬಲಿಯಲು ಮೂವತ್ತಾದರೂ ಬೇಕು. ಕಳ್ಳನಿಗೆ ಅಷ್ಟು ತಾಳ್ಮೆಯೆಲ್ಲಿ? ಆದರೆ ರಶೀದಿಯಿಲ್ಲದ ಗಂಧದ ತುಂಡನ್ನೋ ಎಣ್ಣೆಯನ್ನೋ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವನ ಕೈ ಶುದ್ಧವೇ? ಕಾಡು ಯಾರೊಬ್ಬನ ಸೊತ್ತೂ ಅಲ್ಲ, ಎಲ್ಲರ ಅಮಾನತ್ತು. ಖೈಬರ್ ಯುದ್ಧದ ಬಳಿಕ, ಇನ್ನೂ ಹಂಚಿಕೆಯಾಗದ ಸೊತ್ತಿನಿಂದ ಒಂದು ಹೊದಿಕೆ ತೆಗೆದುಕೊಂಡವನ ವಿಚಾರದಲ್ಲಿ ಪ್ರವಾದಿವರ್ಯರು(ಸ) ನೀಡಿದ ಕಠಿಣ ಎಚ್ಚರಿಕೆಯನ್ನು ನೀವು ಕೇಳಿರಬಹುದು. ಅದು ಕೇವಲ ಒಂದು ಹೊದಿಕೆಯಾಗಿತ್ತು.

ಜಮೀನುಳ್ಳವರು ಒಂದೆರಡು ಸಸಿಯನ್ನಾದರೂ ನೆಡಬಹುದು. ಹಕ್ಕಿ, ಮನುಷ್ಯ, ಪ್ರಾಣಿ ಯಾರು ತಿಂದರೂ ಗಿಡ ನೆಟ್ಟವನಿಗೆ ಅದು ದಾನವೆಂದು ಹದೀಸ್ ಕಲಿಸುತ್ತದೆ. ಗಂಧದ ಹಣ್ಣು ಕೋಗಿಲೆಗೆ ಬಲು ಪ್ರಿಯ. ಆದರೆ ಒಂದು ಸಂಗತಿ ತಿಳಿದಿರಲಿ: ಶ್ರೀಗಂಧ ಒಂಟಿಯಾಗಿ ಬೆಳೆಯದು. ಅದರ ಬೇರು ನೆರೆಯ ಗಿಡದ ಬೇರಿಗೆ ಅಂಟಿಕೊಂಡು ನೀರನ್ನೂ ಲವಣಾಂಶವನ್ನೂ ಹೀರುತ್ತದೆ. ಆದ್ದರಿಂದ ಎಳೆಯ ಸಸಿಯ ಪಕ್ಕದಲ್ಲಿ ತೊಗರಿ, ಮುಂದೆ ಹೊಂಗೆ ಅಥವಾ ಸರ್ವೆ ಇರಲಿ. ನೀರು ನಿಲ್ಲುವ ಅಡಿಕೆ ತೋಟದ ತಗ್ಗು ಅದಕ್ಕೆ ಆಗದು. ಹೊಲದ ಬದು, ಜಲ್ಲಿ ಬೆರೆತ ಕೆಮ್ಮಣ್ಣು ಒಳ್ಳೆಯದು. ಎಲೆಗಳು ಕಿರಿದಾಗಿ ಮುಳ್ಳಿನಂತೆ ನಿಮಿರಿ ನಿಂತರೆ ಅದು ಸ್ಪೈಕ್ ರೋಗ. ಕೀಟಗಳಿಂದ ಹರಡುವ ಈ ರೋಗಕ್ಕೆ ಮದ್ದಿಲ್ಲ. ರೋಗ ತಗಲಿದ ಗಿಡವನ್ನು ತೆಗೆಸಬೇಕು.

ತೋಟದ ಗಂಧ ಕಾಡಿನ ಗಂಧಕ್ಕೆ ಬದಲಿಯಲ್ಲ, ನಿಜ. ಬೆಟ್ಟದ ಮರಗಳಲ್ಲಿರುವ ತಳಿವೈವಿಧ್ಯ ನರ್ಸರಿಯ ಸಸಿಯಲ್ಲಿ ಸಿಗದು. ಆದರೂ ಪೇಟೆಯ ಬೇಡಿಕೆಯನ್ನು ಹೊಲದ ಮರ ಪೂರೈಸಿದಷ್ಟೂ ದೇವರಾಯನದುರ್ಗದ ಮರದ ಮೇಲಿನ ಕಣ್ಣು ಕಡಿಮೆಯಾದೀತು. ಇನ್ನು, ಮರ ನಿಮ್ಮದೇ ಆದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆದುದರಿಂದ ನೆಟ್ಟ ವರ್ಷವೇ ಗಿಡಗಳ ಸಂಖ್ಯೆಯನ್ನು ಪಹಣಿಯಲ್ಲಿ ನಮೂದಿಸಲು ಗ್ರಾಮ ಆಡಳಿತಾಧಿಕಾರಿಗಳಲ್ಲಿ ಅರ್ಜಿ ಕೊಡಿರಿ.