*ಇಂದಿನ ಧಮ್ಮ ಚಿಂತನೆ: ಕಾಗದದ ಮೇಲಿನ ಕೆರೆ, ಕಾಗದದ ಮೇಲಿನ ಸಮುದ್ರ*



ಮಹಾಡದ ಚವದಾರ್ ಕೆರೆಯ ಕಥೆ ನಮಗೆಲ್ಲ ಗೊತ್ತು. ಸಾರ್ವಜನಿಕ ಕೆರೆ, ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದು ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮರುವರ್ಷ ಮಹಾಡದ ಪುರಸಭೆಯೂ ಒಪ್ಪಿತು. ಆದರೆ ಒಂದು ಬೊಗಸೆ ನೀರಿಗಾಗಿ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದು ಹೋಗಬೇಕಾಯಿತು. ನಿರ್ಣಯ ಕಾಗದದಲ್ಲಿತ್ತು, ಕೆರೆಯ ದಡದಲ್ಲಿರಲಿಲ್ಲ.

ಇದೇ ಪಾಠವನ್ನು ಇಂದು ದೂರದ ಒಂದು ಸಮುದ್ರದಲ್ಲಿ ನೋಡೋಣ.

ಯೂರೋಪ್, ಆಫ್ರಿಕಾ, ಏಷ್ಯಾಗಳ ನಡುವೆ ಮೆಡಿಟರೇನಿಯನ್ ಸಮುದ್ರವಿದೆ. ಹಡಗುಗಳು, ಪ್ರವಾಸಿಗರು, ಕೊಳಚೆ, ಕಾಯುತ್ತಿರುವ ನೀರು, ಎಲ್ಲದರ ಭಾರ ಅದರ ಮೇಲಿದೆ. ಅಲ್ಲಿ ಲೆಕ್ಕಕ್ಕೆ ಸಿಕ್ಕ ಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಿತಿಮೀರಿ ಹಿಡಿಯಲಾಗುತ್ತಿದೆ. 2020ರ ಲೆಕ್ಕದಂತೆ ಈ ಸಮುದ್ರದ ಶೇ. 8ಕ್ಕೂ ಹೆಚ್ಚು ಭಾಗ 'ಸಂರಕ್ಷಿತ'. ಆದರೆ ಮೀನು ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದ್ದು ಶೇ. 0.04ರಷ್ಟರಲ್ಲಿ ಮಾತ್ರ. ಅಂದರೆ ಹತ್ತು ಸಾವಿರ ಎಕರೆಗೆ 4 ಎಕರೆ! ಉಳಿದ ಕಡೆ ಬಹುಪಾಲು ಗಡಿ ಇದೆ, ಕಾವಲಿಲ್ಲ.

2030ರೊಳಗೆ ಭೂಮಿಯ ನೆಲ ಮತ್ತು ಸಮುದ್ರದ ಶೇ. 30 ಭಾಗವನ್ನು ರಕ್ಷಿಸಬೇಕೆಂದು ದೇಶಗಳು 2022ರಲ್ಲಿ ಒಪ್ಪಿಕೊಂಡಿವೆ. ಒಳ್ಳೆಯದೇ. ಆದರೆ ಬರೀ ಗಡಿ ಹಿಗ್ಗಿಸಿದರೆ ನಕ್ಷೆ ಬದಲಾಗುತ್ತದೆ, ಸಮುದ್ರ ಬದಲಾಗುವುದಿಲ್ಲ.

ಹಾಗಾದರೆ ಏನು ಬೇಕು? ದಕ್ಷಿಣ ಇಟಲಿಯ ತೊರ್ರೆ ಗ್ವಾಚೆತೊ ಎಂಬ ಕರಾವಳಿಯನ್ನು ನೋಡಿ. 1991ರಲ್ಲೇ ಅದು ಸಂರಕ್ಷಿತ ಪ್ರದೇಶವಾಯಿತು. ಮುಂದೆ ಕೆಲವು ವರ್ಷ ಮೀನುಗಾರಿಕೆಯನ್ನು ಪೂರ್ತಿ ನಿಲ್ಲಿಸಿದರು. 2005ರಲ್ಲಿ ಮತ್ತೆ ತೆರೆಯುವಾಗ ಊರಿನ ಸಣ್ಣ ಮೀನುಗಾರರನ್ನೇ ಕೂರಿಸಿಕೊಂಡು ನಿಯಮ ಮಾಡಿದರು: ಹೊರವಲಯದಲ್ಲಿ ಮಾತ್ರ, ವಾರಕ್ಕೊಂದು ದಿನ, ಮರಿಗಳು ತಪ್ಪಿಸಿಕೊಳ್ಳುವಂತೆ ಕಣ್ಣು ಅಗಲವಾದ ಬಲೆ. ಒಳಭಾಗಕ್ಕೆ ಯಾರೂ ಬಲೆ ಹಾಕುವಂತಿಲ್ಲ. ಅಲ್ಲಿ ಬೆಳೆದ ದೊಡ್ಡ ಮೀನು ಹೆಚ್ಚು ಮೊಟ್ಟೆ ಇಡುತ್ತದೆ, ಮೀನು ಗಡಿ ದಾಟಿ ಹೊರಗೂ ಬರುತ್ತದೆ. ಫಲವಾಗಿ ಅಷ್ಟೇ ಬಲೆಗೆ ಹೊರಗಿನ ಸಮುದ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮೀನು ಸಿಕ್ಕಿತು.

ಇಲ್ಲಿ ಎರಡು ವಿಷಯ ಗಮನಿಸಬೇಕು.

*ಒಂದು, ಶೀಲ.* ವಿಹಾರದಲ್ಲಿ ಪಂಚಶೀಲ ಹೇಳುವುದು ಎರಡು ನಿಮಿಷದ ಕೆಲಸ. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಮಾತು ನಿಜವಾಗುವುದು, ಯಾರೂ ನೋಡದ ಹೊತ್ತಿನಲ್ಲೂ ಕೈ ತಡೆದಾಗ. ಮರಿಮೀನನ್ನು ಬಿಟ್ಟವನು ನಾಳೆ ಹುಟ್ಟುವವರ ಪಾಲನ್ನು ಕದಿಯಲಿಲ್ಲ.

*ಎರಡು, ಸಮತೆ.* ಸಮುದ್ರದ ತಳವನ್ನೇ ಬಾಚುವ ದೊಡ್ಡ ಟ್ರಾಲ್ ಬೋಟನ್ನು ಬಿಟ್ಟು, ಸಣ್ಣ ದೋಣಿಯವನನ್ನು ಮಾತ್ರ ತಡೆದರೆ ಅದು ರಕ್ಷಣೆಯಲ್ಲ, ಇನ್ನೊಂದು ಬಹಿಷ್ಕಾರ. ನೀರಿನಿಂದ ದೂರ ಇಡುವುದೆಂದರೆ ಏನೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಆದ್ದರಿಂದ ನಿಯಮ ಮಾಡುವಾಗ ಆ ನೀರಿನಿಂದಲೇ ಹೊಟ್ಟೆ ಹೊರೆಯುವವನಿಗೂ ಅಲ್ಲಿ ಜಾಗವಿರಬೇಕು.

*ಇಂದು ಯೋಚಿಸೋಣ:* ನಾನು ಸ್ವೀಕರಿಸಿದ ಶೀಲಗಳಲ್ಲಿ ಯಾವುದು ಇನ್ನೂ ಕಾಗದದಲ್ಲೇ ಉಳಿದಿದೆ? ನಮ್ಮೂರಿನ ಕೆರೆಯ ಬಗ್ಗೆ ತೀರ್ಮಾನ ಮಾಡುವಾಗ ಯಾರನ್ನು ಕರೆಯುವುದೇ ಇಲ್ಲ?

ಭವತು ಸಬ್ಬ ಮಂಗಲಂ 🌸
ಸಾಧು, ಸಾಧು, ಸಾಧು