ಎಲೆ ಉದುರುವ ಕಾಲದಲ್ಲೂ ಸಂತೋಷ
(ಯೌವನಸ್ಥರ ಕೂಟದ ಸಂದೇಶ)

ಇವತ್ತಿನ ವಾಕ್ಯಭಾಗ ಧರ್ಮೋಪದೇಶಕಾಂಡ 16:13ರಿಂದ 15. ಸತ್ಯವೇದ ತೆರೆದಿಟ್ಟುಕೊಳ್ಳಿ.

ಇದು ಪರ್ಣಶಾಲೆಗಳ ಹಬ್ಬದ ವಿಷಯ. ಏಳನೆಯ ತಿಂಗಳ 15ನೆಯ ದಿನ, ಅಂದರೆ ನಮ್ಮ ಕ್ಯಾಲೆಂಡರಿನ ಸೆಪ್ಟೆಂಬರ್ ಅಥವಾ ಅಕ್ಟೋಬರ್. ಇಸ್ರಾಯೇಲ್ ದೇಶದಲ್ಲಿ ಅದು ಶರತ್ಕಾಲ. ಕಣದ ಕೆಲಸ, ದ್ರಾಕ್ಷೆಯ ಆಲೆಯ ಕೆಲಸ ಎರಡೂ ಮುಗಿದಿವೆ. ತಿಂಗಳುಗಟ್ಟಲೆ ಮಳೆಯಿಲ್ಲದೆ ಬೆಟ್ಟಗಳು ಒಣಗಿವೆ. ನೋಡಿದವರಿಗೆ ವರ್ಷಕ್ಕೇ ವಯಸ್ಸಾದ ಹಾಗೆ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಏಳು ದಿನ ಸಂತೋಷಪಡಬೇಕು ಅಂತ ದೇವರು ಆಜ್ಞೆ ಕೊಟ್ಟರು!

ಸಂತೋಷಪಡೋದಕ್ಕೂ ಆಜ್ಞೆ ಬೇಕಾ? ಬೇಕು ಪ್ರಿಯರೇ. ಚಿಗುರು ನೋಡಿ ಖುಷಿಪಡೋದನ್ನು ಯಾರೂ ಕಲಿಸಬೇಕಾಗಿಲ್ಲ. ಶರತ್ಕಾಲದ ಸೌಂದರ್ಯವನ್ನು ನೋಡುವ ಕಣ್ಣು ನಿಧಾನವಾಗಿ ಬರುತ್ತದೆ, ಅದನ್ನು ಕಲಿಯಬೇಕು. ನಿಮ್ಮಲ್ಲಿ ಎಷ್ಟೋ ಜನ, "ಬ್ರದರ್, ಇಪ್ಪತ್ತೆಂಟಾಯ್ತು, ಇನ್ನೂ ಸೆಟಲ್ ಆಗಿಲ್ಲ, ನನ್ನ ಟೈಮ್ ಮುಗೀತು" ಅಂತ ಪ್ರಾರ್ಥನೆಗೆ ಬರ್ತೀರಿ. ಅಪ್ಪನ ಕೂದಲು ಬೆಳ್ಳಗಾಗೋದು ನೋಡಿ ಒಳಗೊಳಗೇ ಹೆದರ್ತೀರಿ.

ಬೆಂಗಳೂರಿನಲ್ಲಿ ಎಲೆ ಬಣ್ಣ ಬದಲಾಯಿಸುವ ಅಂಥ ಶರತ್ಕಾಲ ಇಲ್ಲ. ಆದರೆ ಕೆನಡಾ, ಅಮೆರಿಕಕ್ಕೆ ಹೋದ ನಮ್ಮವರು ಅಕ್ಟೋಬರ್‌ನಲ್ಲಿ ಮೇಪಲ್ ಮರಗಳ ಫೋಟೋ ಕಳಿಸುತ್ತಾರೆ. ಆ ಮರದಿಂದ ಮೂರು ಪಾಠ ಕಲಿಯೋಣ.

1. ಮರೆಯಾಗಿದ್ದ ಬಣ್ಣ
ಹಗಲು ಚಿಕ್ಕದಾಗಿ ಚಳಿ ಬಂದಾಗ ಎಲೆಯಲ್ಲಿನ ಹಸಿರು, ಅಂದರೆ ಕ್ಲೋರೋಫಿಲ್, ಕರಗುತ್ತಾ ಹೋಗುತ್ತದೆ. ಆಗ ಹಳದಿ ಕಾಣುತ್ತದೆ. ಆ ಹಳದಿ ಬೇಸಿಗೆಯಿಡೀ ಎಲೆಯಲ್ಲೇ ಇತ್ತು, ಹಸಿರು ಅದನ್ನು ಮುಚ್ಚಿತ್ತು. ನಿಮ್ಮ ಓಟ, ಟ್ಯಾಲೆಂಟ್, ಸಂಬಳದ ಕೆಳಗೂ ದೇವರು ಇಟ್ಟ ತಾಳ್ಮೆ, ಕರುಣೆ ಇರಬಹುದು. ಅದು ಕಾಣೋದಕ್ಕೆ ಕಾಲ ಬೇಕು.

2. ಆಗಲೇ ಬರುವ ಬಣ್ಣ
ಮೇಪಲ್ ಎಲೆಯ ಕೆಂಪು ಹಾಗಲ್ಲ. ಹೆಚ್ಚಿನಂಶ ಅದು ಶರತ್ಕಾಲದಲ್ಲೇ ಹೊಸದಾಗಿ ಹುಟ್ಟುತ್ತದೆ. ಕಾಲೇಬನು 85ನೆಯ ವಯಸ್ಸಿನಲ್ಲಿ ಬೆಟ್ಟದ ಸೀಮೆಯನ್ನು ಕೇಳಿಕೊಂಡನು. ಮದುವೆಯಾದ ಏಳೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡ ಅನ್ನಳು, ವೃದ್ಧಾಪ್ಯದಲ್ಲಿ ದೇವಾಲಯದಲ್ಲಿ ಶಿಶುವಾದ ಯೇಸುವನ್ನು ಕಂಡು, ಬಿಡುಗಡೆಗಾಗಿ ಕಾಯುತ್ತಿದ್ದವರಿಗೆ ಆತನ ವಿಷಯ ಹೇಳಿದಳು. ಹಲ್ಲೆಲೂಯಾ! ಕೆಲವು ಕೃಪೆಗಳು ತಡವಾಗಿಯೇ ಬರುತ್ತವೆ.

3. ಉದುರುವ ಮೊದಲೇ ಮೊಗ್ಗು
ಎಲೆ ಉದುರುವ ಮುಂಚೆ ಮರ ಅದರ ಸತ್ವದಲ್ಲಿ ಬಹುಪಾಲನ್ನು ಒಳಗೆ ಎಳೆದುಕೊಳ್ಳುತ್ತದೆ. ತೊಟ್ಟಿನ ಬುಡದಲ್ಲಿ ಮುಂದಿನ ವಸಂತದ ಮೊಗ್ಗು ಆಗಲೇ ಕೂತಿರುತ್ತದೆ. ಇಸ್ರಾಯೇಲಿನಲ್ಲೂ ಈ ಹಬ್ಬದ ನಂತರ ಮುಂಗಾರು ಮಳೆ ಬರುವ ಕಾಲ, ಆಮೇಲೆ ಉಳುಮೆ, ಬಿತ್ತನೆ. ಹಾಗಾದರೆ ಇದನ್ನು ಅಂತ್ಯ ಅಂತ ಹೇಗೆ ಕರೆಯೋದು?

ಈ ಹಬ್ಬದಲ್ಲಿ ಗುಡಿಸಲಲ್ಲಿ ವಾಸಿಸಬೇಕಿತ್ತು. ಯಾಕೆ? ಅರಣ್ಯದಲ್ಲಿ ದೇವರು ಹೇಗೆ ನಡೆಸಿದರು ಅಂತ ಮುಂದಿನ ತಲೆಮಾರಿಗೆ ಗೊತ್ತಾಗಬೇಕು. ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಮೊಬೈಲ್ ಪಕ್ಕಕ್ಕಿಟ್ಟು ನಿಮ್ಮ ಅಜ್ಜಿ ಹತ್ತಿರವೋ, ಸಭೆಯ ಹಿರಿಯರೊಬ್ಬರ ಹತ್ತಿರವೋ ಕೂತು, "ದೇವರು ನಿಮ್ಮನ್ನು ಹೇಗೆ ನಡೆಸಿದರು?" ಅಂತ ಕೇಳಿ. ಮಧ್ಯದಲ್ಲಿ ಮಾತಾಡದೆ ಪೂರ್ತಿ ಕೇಳಿಸಿಕೊಳ್ಳಿ.

ಇದೇ ಹಬ್ಬದ ಕಡೆಯ ದಿನ ಯೇಸುಸ್ವಾಮಿ ನಿಂತು ಬಾಯಾರಿದವರನ್ನು ಕರೆದರು, ಪವಿತ್ರಾತ್ಮನ ವಿಷಯ ಹೇಳಿದರು. ಯೋಹಾನ 7:37ರಿಂದ 39 ಮನೆಯಲ್ಲಿ ಓದಿ. ನೆಲ ಒಣಗಿದ್ದ ಕಾಲದಲ್ಲೇ ಆತನು ಜೀವಜಲದ ಮಾತಾಡಿದರು.

ಪ್ರಾರ್ಥಿಸೋಣ. ಕರ್ತನೇ, ನಮ್ಮ ವಯಸ್ಸಿಗೆ ಹೆದರದ ಹೃದಯ ಕೊಡು. ಹಿರಿಯರಲ್ಲಿ ನಿನ್ನ ಕೈಕೆಲಸ ಕಾಣುವ ಕಣ್ಣು ಕೊಡು. ಯೇಸುವಿನ ನಾಮದಲ್ಲಿ, ಆಮೆನ್.